ಬೇರು ಬಿಟ್ಟವರು ಊರು ಬಿಟ್ಟರು

ಕೊನೆಗೂ ಡೇವ್ ಕವಾಲ್ ಹೊರಟರು. 2024ರ ಡಿಸೆಂಬರ್ 27, ಶುಕ್ರವಾರ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಅರ್ಧ ಜನ ತಾಹೋದಲ್ಲಿ ಹಿಮದ ಮೇಲೆ ಜಾರಿ ಬೀಳುತ್ತಿದ್ದರು, ಇನ್ನರ್ಧ ಜನ ಕ್ರಿಸ್‌ಮಸ್ ಉಡುಗೊರೆ ವಾಪಸ್ ಮಾಡಲು ಅಂಗಡಿಗಳಲ್ಲಿ ಸಾಲು ನಿಂತಿದ್ದರು. ಆ ದಿನ ನೋಡಿಯೇ ಪ್ರಕಟಣೆ ಹೊರಬಿತ್ತು. ಓಕ್‌ಲ್ಯಾಂಡಿನಲ್ಲಿದ್ದ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಅಧ್ಯಕ್ಷರು 31ಕ್ಕೆ ಹುದ್ದೆ ಬಿಡುತ್ತಾರೆ. ಮುಂದೆ ಕ್ಯಾಲಿಫೋರ್ನಿಯಾದಲ್ಲೇ ಉದ್ಯಮ ಮತ್ತು ಸರ್ಕಾರಿ ವಲಯದ ಹೊಸ ಅವಕಾಶಗಳನ್ನು ಅರಸುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಂತೆ! ಈ ರಾಜ್ಯದಲ್ಲಿ ಒಂದು ಬೇಸ್‌ಬಾಲ್ ಮೈದಾನ ಕಟ್ಟುವುದು ಯಾರಪ್ಪನಿಂದಲೂ ಆಗದ ಕೆಲಸ ಎಂದು ಎಂಟು ವರ್ಷ ಕೂತು ಸಾಧಿಸಿ ತೋರಿಸಿದ ಮಹನೀಯರು ಇವರು. ತಂಡವನ್ನು ನೆವಾಡದ ಮರುಭೂಮಿಯ ಲಾಸ್ ವೇಗಸ್ಸಿಗೆ ಸಾಗಹಾಕುವ ಏರ್ಪಾಟೆಲ್ಲ ಮಾಡಿ, ತಾವು ಮಾತ್ರ ಇಲ್ಲೇ ಉಳಿಯುತ್ತಾರಂತೆ. ಹವೆ ಚೆನ್ನಾಗಿದೆಯಲ್ಲ. ಅದರಲ್ಲೂ ಸರ್ಕಾರಿ ವಲಯವಂತೆ. ಓಕ್‌ಲ್ಯಾಂಡ್ ನಗರಸಭೆಯವರು ಬಾಗಿಲಲ್ಲೇ ಕಾಯುತ್ತಿರಬಹುದು. ಕೈಯಲ್ಲಿ ಏನು ಹಿಡಿದುಕೊಂಡು ಅಂತ ಕೇಳಬೇಡಿ.

ಅಭಿಮಾನಿಗಳಿಗಂತೂ ಹಬ್ಬ. ನಮ್ಮ ಆಫೀಸಿನಲ್ಲಿ ಹೇವರ್ಡ್‌ನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಅಪ್ಪನಿಗೆ ಅಪ್ಪ ಕೂಡ ತಂಡದ ಓಕ್‌ಲ್ಯಾಂಡ್ ಮೈದಾನ ಕೊಲಿಸಿಯಂನಲ್ಲಿ ಕೂತು ಆಟ ನೋಡಿದವರು. ರಜೆ ಮುಗಿಸಿ ಬಂದ ದಿನ ಅವರು ಗುಲಾಬಿ ಬಣ್ಣದ ದೊಡ್ಡ ಡಬ್ಬಿಯಲ್ಲಿ ಡೋನಟ್ ತಂದಿಟ್ಟರು. ಚಳಿಗೆ ಹಾಕಿದ ಸ್ವೆಟರಿನ ಮೇಲೆ ಹಸಿರು ಟೀ ಶರ್ಟು, ಎದೆಯ ಮೇಲೆ ಬಿಳಿ ಅಕ್ಷರದಲ್ಲಿ 'ಸೆಲ್'. ತಂಡ ಮಾರಿ ತೊಲಗಿ ಎಂದು ಮಾಲೀಕರಿಗೆ ಹೇಳಲು ಅಭಿಮಾನಿಗಳೇ ಮಾಡಿಸಿದ ಶರ್ಟು ಅದು. ಯಾರ ಹುಟ್ಟುಹಬ್ಬ ಅಂತ ಕೇಳಿದವರಿಗೆಲ್ಲ 'ಕವಾಲ್' ಎಂದು ಒಂದೇ ಉತ್ತರ. ನಾನೂ ಎರಡು ತಿಂದೆ, ಪುಕ್ಕಟೆ ಡೋನಟ್‌ಗೆ ಸಿದ್ಧಾಂತ ಗಿದ್ಧಾಂತ ಇರುವುದಿಲ್ಲ. ಆದರೆ ತಿನ್ನುತ್ತಾ ಕ್ಯಾಲೆಂಡರ್ ನೋಡಿದೆ. ತಂಡ ಓಕ್‌ಲ್ಯಾಂಡಿನಲ್ಲಿ ಕೊನೆಯ ಆಟ ಆಡಿದ್ದು ಸೆಪ್ಟೆಂಬರ್ 26ಕ್ಕೆ. ಮನೆ ಖಾಲಿಯಾಗಿ ಮೂರು ತಿಂಗಳಾದ ಮೇಲೆ ಪ್ಯಾಕರ್ಸ್‌ನವನು ಕೆಲಸ ಬಿಟ್ಟನೆಂದು ಸಿಹಿ ಹಂಚುತ್ತಿದ್ದೇವೆ.

ಬೇಸ್‌ಬಾಲಿನಲ್ಲಿ ಆಡಳಿತಗಾರರು ಹೋಗುವುದೂ ಒಂದು ಪ್ರದರ್ಶನವೇ. ಬಾಸ್ಟನ್‌ನ ಥಿಯೋ ಎಪ್‌ಸ್ಟೈನ್ ನೆನಪಿರಬೇಕಲ್ಲ. 86 ವರ್ಷ ಕಪ್ ಕಾಣದ ರೆಡ್ ಸಾಕ್ಸ್‌ಗೆ 2004ರಲ್ಲಿ ಕಪ್ ತಂದುಕೊಟ್ಟ ಹುಡುಗ. ಮರುವರ್ಷ ಅಕ್ಟೋಬರ್ 31ಕ್ಕೆ ರಾಜೀನಾಮೆ ಕೊಟ್ಟ. ಹೊರಗೆ ಪತ್ರಕರ್ತರ ದಂಡು. ಹ್ಯಾಲೋವೀನ್ ಬೇರೆ ಆಗಿತ್ತಲ್ಲ, ಗೊರಿಲ್ಲಾ ವೇಷ ಹಾಕಿಕೊಂಡು ಫೆನ್‌ವೇ ಪಾರ್ಕಿನಿಂದ ನಡೆದುಕೊಂಡೇ ಹೊರಟುಹೋದ! ಊರಿಗೆ ಊರೇ ಗೋಳಾಡಿತು. ಜನವರಿಯಲ್ಲಿ ಆಸಾಮಿ ವಾಪಸ್ ಬಂದ, ಅದು ಬೇರೆ ಮಾತು. ಅದೇ ಬಾಸ್ಟನ್ನಿನವರು 2018ರಲ್ಲಿ ಕಪ್ ಗೆಲ್ಲಿಸಿದ ಡೇವ್ ಡೊಂಬ್ರೌಸ್ಕಿಯನ್ನು ವರ್ಷ ತುಂಬುವ ಮುಂಚೆ, ಯಾಂಕೀಸ್ ಜೊತೆಗಿನ ಒಂದು ಮ್ಯಾಚ್ ಮುಗಿದ ಸರಿರಾತ್ರಿಯಲ್ಲಿ ಮನೆಗೆ ಕಳಿಸಿದರು. ಆಟಗಾರರನ್ನು ಆರಿಸುವ ಕೆಲಸದವರಿಗೆ ಈ ಪಾಡು. ಕವಾಲರದು ಆ ಕೆಲಸವಲ್ಲ. ಅವರದು ಮಾತಾಡುವ ಕೆಲಸ. ಅವರು ಗೊರಿಲ್ಲಾ ವೇಷ ಹಾಕಿ ಹೊರಟಿದ್ದರೆ ಅಭಿಮಾನಿಗಳು ಗೊರಿಲ್ಲಾ ಪರವಾಗಿ ಪ್ರಾಣಿ ದಯಾ ಸಂಘಕ್ಕೆ ದೂರು ಕೊಡುತ್ತಿದ್ದರು.

ಮಾತು ಅಂದರೆ ಎಂಥ ಮಾತು! 2016ರ ನವೆಂಬರಿನಲ್ಲಿ ಬಂದಾಗ ಅಭಿಮಾನಿಗಳನ್ನು ಕರೆಸಿ ಕೂರಿಸಿ ಅಹವಾಲು ಕೇಳುತ್ತಿದ್ದರು, ಜಿಲ್ಲಾಧಿಕಾರಿಗಳ ಜನಸ್ಪಂದನದ ಹಾಗೆ. ಜನ ನಿಜಕ್ಕೂ ಮೆಚ್ಚಿದರು. 'ಓಕ್‌ಲ್ಯಾಂಡಿನಲ್ಲಿ ಬೇರೂರಿದವರು' ಎಂಬ ಘೋಷಣೆ ಊರೆಲ್ಲ ರಾರಾಜಿಸಿತು. ಬೇರು ಎಲ್ಲಿ ಊರಬೇಕು ಅನ್ನುವುದೊಂದು ಗೊತ್ತಾಗಲಿಲ್ಲ. 2017ರಲ್ಲಿ ಲೇನಿ ಕಾಲೇಜಿನ ಪಕ್ಕ ಅಂದರು. ಕಾಲೇಜಿನ ಆಡಳಿತ ಮಂಡಳಿಯನ್ನು ಸರಿಯಾಗಿ ಒಪ್ಪಿಸುವ ಮೊದಲೇ ಊರಿಗೆಲ್ಲ ಸಾರಿದ್ದರಿಂದ ಡಿಸೆಂಬರಿನಲ್ಲಿ ಅದು ಮಗುಚಿಕೊಂಡಿತು. ಆಮೇಲೆ ಬಂದರಿನ ಹೊವರ್ಡ್ ಟರ್ಮಿನಲ್: 55 ಎಕರೆ, ಮೈದಾನ, ಮನೆಗಳು, ಹೋಟೆಲು, ಒಟ್ಟು 1,200 ಕೋಟಿ ಡಾಲರಿನ ಕನಸು. 2021ರ ಜುಲೈನಲ್ಲಿ ನಗರಸಭೆ 6-1 ಮತಗಳಿಂದ ಷರತ್ತುಗಳ ಕರಡಿಗೆ ಒಪ್ಪಿಗೆ ಕೊಟ್ಟಿತು. ಕವಾಲರಿಗೆ ಸಿಟ್ಟು ಬಂತು. ನೀವು ಒಪ್ಪಿದ್ದು ನಮ್ಮ ಷರತ್ತುಗಳನ್ನಲ್ಲ, ನಿಮ್ಮದನ್ನು ಅಂತ. ಹೆಣ್ಣಿನವರು ಹೂಂ ಅಂದರೂ ಯಾವ ರಾಗದಲ್ಲಿ ಹೂಂ ಅಂದರು ಎಂದು ಜಗಳ ತೆಗೆಯುವ ಗಂಡಿನ ಕಡೆಯವರನ್ನು ನಾವು ಕಾಣದವರೇ?

ಗಂಡಿನವರ ಕಣ್ಣು ಆಗಲೇ ಬೇರೆ ಸಂಬಂಧದ ಮೇಲಿತ್ತು. 'ಸಮಾನಾಂತರ ದಾರಿ' ಅಂದರು. ಒಂದು ದಾರಿ ಓಕ್‌ಲ್ಯಾಂಡು, ಇನ್ನೊಂದು ವೇಗಸ್. ಅದೇ ವರ್ಷ ಮೇ ತಿಂಗಳಲ್ಲಿ ವೇಗಸ್ಸಿಗೆ ಹೋಗಿ ಅಲ್ಲಿನ ಹಾಕಿ ಮ್ಯಾಚಿನ ಗದ್ದಲ ನೋಡಿ ಖುಷಿಪಟ್ಟು ಟ್ವೀಟ್ ಕೂಡ ಹಾಕಿದರು. ಹೆಂಡತಿಗೆ ತಿಳಿಯಬಾರದು ಎಂಬ ಸಂಕೋಚ ಎಳ್ಳಷ್ಟೂ ಇಲ್ಲ. 2023ರ ಏಪ್ರಿಲಿನಲ್ಲಿ ವೇಗಸ್ಸಿನಲ್ಲಿ 49 ಎಕರೆ ಗೊತ್ತುಮಾಡಿದ್ದೇವೆ ಎಂದರು. ಒಂದು ತಿಂಗಳು ಕಳೆಯುವುದರೊಳಗೆ ಆ 49 ಕರಗಿ ಟ್ರಾಪಿಕಾನಾ ಹೋಟೆಲಿನ 9 ಎಕರೆ ಆಯಿತು. ಓಕ್‌ಲ್ಯಾಂಡಿನಲ್ಲಿ 55 ಎಕರೆ ಕೊಟ್ಟರೂ ಉಸಿರುಗಟ್ಟುತ್ತಿದ್ದವರಿಗೆ ಅಲ್ಲಿ 9 ಎಕರೆಯಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗ!

ನಮ್ಮ ಫ್ರೀಮಾಂಟಿಗೂ ಇವರ ಸಂಬಂಧ ಬಂದಿತ್ತು ಅನ್ನುವುದು ಈಚೆಗೆ ಬಂದವರಿಗೆ ಗೊತ್ತಿರಲಿಕ್ಕಿಲ್ಲ. ಕವಾಲರ ಕಾಲಕ್ಕೂ ಹಿಂದೆ, 2006ರಲ್ಲಿ, ಪೆಸಿಫಿಕ್ ಕಾಮನ್ಸ್ ಪಕ್ಕದಲ್ಲಿ ಸಿಸ್ಕೋ ಹೆಸರಿನ ಮೈದಾನ ಕಟ್ಟುತ್ತೇವೆ ಎಂದು ನಕ್ಷೆ ತೋರಿಸಿದ್ದರು. ಸುತ್ತಲಿನ ನಿವಾಸಿಗಳು, ಅಂಗಡಿಯವರು ಟ್ರಾಫಿಕ್ಕು, ಪಾರ್ಕಿಂಗು ಎಂದು ಎಗರಾಡಿದರು. 2009ರ ಫೆಬ್ರುವರಿಯಲ್ಲಿ ಕೈಬಿಟ್ಟರು. ಈಗ ಆ ಕಡೆ ಶನಿವಾರ ಬೆಳಿಗ್ಗೆ ಕಾಸ್ಟ್‌ಕೋಗೆ ಹೋಗಿ ನೋಡಿ. ಮೈದಾನವಿಲ್ಲದೆಯೇ ಟ್ರಾಫಿಕ್ಕೂ ಇದೆ, ಪಾರ್ಕಿಂಗ್ ಜಗಳವೂ ಇದೆ, ಬಾದಾಮಿ ಚೀಲ ಹೊತ್ತ ಅರ್ಧ ಕನ್ನಡ ಕೂಟವೂ ಇದೆ. ಆಮೇಲೆ ಸ್ಯಾನ್ ಹೋಸೆ ಅಂದರು. ಅದು ನಮ್ಮ ಸರಹದ್ದು ಎಂದು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡ ಅಡ್ಡ ಮಲಗಿತು. ನಗರವೇ ಲೀಗಿನ ಮೇಲೆ ಕೇಸು ಹಾಕಿ ಸುಪ್ರೀಂ ಕೋರ್ಟಿನ ತನಕ ಹೋಯಿತು, 2015ರಲ್ಲಿ ಕೋರ್ಟು ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ.

2024ರ ಬೇಸಿಗೆಯಲ್ಲಿ ನಮ್ಮ ಮಾವನವರು ಮೈಸೂರಿನಿಂದ ಬಂದಿದ್ದರು. ತಂಡ ಹೋಗುವ ಮುಂಚೆ ಒಮ್ಮೆ ನೋಡಿಬಿಡಲಿ ಎಂದು ಬಾರ್ಟ್ ರೈಲು ಹತ್ತಿಸಿ ಕರೆದುಕೊಂಡು ಹೋದೆ. ಸ್ಟೇಷನ್ನಿನಿಂದ ಕೊಲಿಸಿಯಂಗೆ ಹೋಗುವ ಆ ಉದ್ದನೆಯ ಕಾಲುಸೇತುವೆ, ಅದರ ಮೇಲೆ ಬಾಣಲೆ ಇಟ್ಟುಕೊಂಡು ಹಾಟ್‌ಡಾಗ್ ಕರಿಯುವವರ ಹೊಗೆ, ಎಲ್ಲವನ್ನೂ ದಾಟಿ ಒಳಗೆ ಹೋಗಿ ಕೂತೆವು. ಬಲ ಮೂಲೆಯಲ್ಲಿ ಹತ್ತಿಪ್ಪತ್ತು ಜನ ಡ್ರಮ್ ಬಾರಿಸುತ್ತಿದ್ದರು. ಮಿಕ್ಕಂತೆ ಹಸಿರು ಕುರ್ಚಿಗಳ ಸಾಲೇ ಸಾಲು.

"ಪ್ರಾಕ್ಟೀಸ್ ಮ್ಯಾಚಾ ಇದು?" ಅಂದರು ಮಾವ.

"ಅಲ್ಲ ಮಾವ, ಇದೇ ಮ್ಯಾಚು."

"ಜನಾನೇ ಇಲ್ವಲ್ರೀ."

ಜನ ಯಾಕಿಲ್ಲ ಅಂತ ವಿವರಿಸಿದೆ. 2022ರ ಸೀಸನ್ನಿಗೆ ಮುಂಚೆ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಅಂಥ ಒಳ್ಳೊಳ್ಳೆ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ದಾಟಿಸಿದರು. ಎಷ್ಟೋ ಸೀಸನ್ ಟಿಕೆಟ್‌ಗಳ ಬೆಲೆಯನ್ನು ದುಪ್ಪಟ್ಟು ಮಾಡಿದರು. ವರ್ಷವಿಡೀ ಬಂದವರು ಒಟ್ಟು 7,87,902 ಜನ, ಇಡೀ ಲೀಗಿನಲ್ಲೇ ಅತಿ ಕಡಿಮೆ. ಮರುವರ್ಷ 112 ಮ್ಯಾಚ್ ಸೋತರು. ಕಟ್ಟಡದ ಕಥೆಯೂ ಅಷ್ಟೇ. ಶೌಚದ ನೀರು ಉಕ್ಕುವುದು ಮಾಮೂಲು, ಭೇಟಿ ತಂಡದ ವೀಕ್ಷಕ ವಿವರಣೆಕಾರರ ಕೋಣೆಯಲ್ಲಿ ಪಾಸಮ್ ಎಂಬ ಹೆಗ್ಗಣದ ಹಿರಿಯಣ್ಣ ಸೇರಿಕೊಂಡು, ಅದರ ನಾತಕ್ಕೆ ನ್ಯೂಯಾರ್ಕ್ ಮೆಟ್ಸ್‌ನ ಟಿವಿಯವರು ಬೇರೆ ಕಡೆ ಕೂತು ವಿವರಣೆ ಕೊಟ್ಟರು. ಆಮೇಲೆ ಬಂದು, ನೋಡಿ, ಓಕ್‌ಲ್ಯಾಂಡಿನಲ್ಲಿ ಜನ ಬರುವುದಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಅಗೆದು ಡೊಂಕು ಮಾಡಿದವರೂ ಅವರೇ.

"ಬಯ್ಯೋದು ಯಾರಿಗೆ?"

ಕವಾಲರ ಹೆಸರು ಹೇಳಿದೆ. ಮಾವ ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ನಿವೃತ್ತರಾದವರು. ನಕ್ಕುಬಿಟ್ಟರು. "ಲೋಡ್ ಶೆಡ್ಡಿಂಗ್ ಆರ್ಡರ್ ಬರೋದು ಮೇಲಿಂದ. ಕಂಬದ ಹತ್ರ ಸಿಕ್ಕೋನು ಲೈನ್‌ಮನ್. ಜನ ಅವನ ಕಾಲರ್ ಹಿಡೀತಾರೆ. ಅವನಿಗೆ ವರ್ಗ ಆದ್ರೆ ಬೀದಿಯೋರಿಗೆಲ್ಲ ಸಮಾಧಾನ. ಕರೆಂಟ್ ಬರುತ್ತಾ?"

ಕರೆಂಟಿನ ಸ್ವಿಚ್ಚು ಜಾನ್ ಫಿಶರ್ ಕೈಯಲ್ಲಿದೆ. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. 2005ರಲ್ಲಿ ಪಾಲುದಾರರ ಜೊತೆ ಸೇರಿ 18 ಕೋಟಿ ಡಾಲರಿಗೆ ತಂಡ ಕೊಂಡರು. ಪತ್ರಿಕೆಯವರೊಡನೆ ಮಾತಾಡುವುದು ಅಮಾವಾಸ್ಯೆ ಹುಣ್ಣಿಮೆಗೆ. ಮಾತಿಗೆ ಕವಾಲ್ ಇದ್ದರಲ್ಲ. ಕೊನೆಯ ಪಂದ್ಯದ ವಾರ ಮಾತ್ರ ಅಭಿಮಾನಿಗಳಿಗೊಂದು ಪತ್ರ ಬರೆದರು. ಪ್ರಯತ್ನಪಟ್ಟೆವು, ಆಗಲಿಲ್ಲ, ಕ್ಷಮಿಸಿ ಎಂದು. ಕಣ್ಣೀರು ಬಂತು. ಕೊಲಿಸಿಯಂ ಜಾಗದ ಅರ್ಧ ಪಾಲನ್ನು ಕೌಂಟಿಯಿಂದ 8.5 ಕೋಟಿಗೆ ಕೊಂಡು, ಹೊರಡುವ ಮುಂಚೆ 12.5 ಕೋಟಿಗೆ ಮಾರುವ ಒಪ್ಪಂದ ಮಾಡಿಕೊಂಡದ್ದು ನೆನಪಾಗಿ ಕಣ್ಣೀರು ತಾನಾಗಿ ಒಣಗಿತು.

ಅಭಿಮಾನಿಗಳು ಏನು ಮಾಡಲಿಲ್ಲ ಹೇಳಿ. 2023ರ ಜೂನ್ 13ಕ್ಕೆ 'ರಿವರ್ಸ್ ಬಾಯ್ಕಾಟ್' ಮಾಡಿದರು. ಬಹಿಷ್ಕಾರ ಅಂದರೆ ಬರದೇ ಇರುವುದು ತಾನೆ, ನಾವು ಬಂದು ತೋರಿಸುತ್ತೇವೆ ಎಂದು ವಾರದ ನಡುವೆ, ಮಂಗಳವಾರ, ಆ ಸೋತು ಸುಣ್ಣವಾದ ತಂಡವನ್ನು ನೋಡಲು 27,759 ಜನ ಬಂದು ತುಂಬಿಕೊಂಡರು. ಐದನೇ ಇನ್ನಿಂಗ್ಸ್ ಶುರುವಿಗೆ ಮೌನವಾಗಿದ್ದು, ಆಮೇಲೆ ಒಕ್ಕೊರಲಿನಿಂದ ಮಾರಿ, ಮಾರಿ ಎಂದು ಕೂಗಿದರು. ಟ್ಯಾಂಪಾ ಬೇ ವಿರುದ್ಧ 2-1ರಿಂದ ತಂಡ ಗೆದ್ದೂಬಿಟ್ಟಿತು. ಆ ದಿನದ ಟಿಕೆಟ್ ಹಣ 8,11,107 ಡಾಲರನ್ನು ತಂಡ ದಾನಧರ್ಮಕ್ಕೆ ಕೊಟ್ಟಿತು, ಒಳ್ಳೆಯದಾಯಿತು. ಅದೇ ದಿನ ನೆವಾಡದ ಸೆನೆಟ್ ಹೊಸ ಮೈದಾನಕ್ಕೆ ಸಾರ್ವಜನಿಕರ 38 ಕೋಟಿ ಡಾಲರ್ ಕೊಡುವ ಮಸೂದೆಯ ಪರ ಕೈ ಎತ್ತಿತು. ಎರಡು ದಿನ ಬಿಟ್ಟು ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ಒಂದು ರಾತ್ರಿಯಾದರೂ ಲೀಗಿನ ಸರಾಸರಿಗೆ ಹತ್ತಿರ ಜನ ಸೇರಿದರಲ್ಲ, ಸಂತೋಷ ಎಂದರು. ಮಾಡುವುದನ್ನು ಮಾಡಿ ಆಯಿತು, ಮೇಲೆ ಕೊಂಕು ಬೇರೆ ಬೇಕಿತ್ತಾ? ಆ ನವೆಂಬರಿನಲ್ಲಿ ಮೂವತ್ತು ತಂಡಗಳ ಮಾಲೀಕರೂ ಒಬ್ಬರೂ ತಪ್ಪದೆ ಸ್ಥಳಾಂತರಕ್ಕೆ ಮತ ಹಾಕಿದರು. ಒಬ್ಬನಿಗಾದರೂ ನಾಚಿಕೆ ಆಗಲಿಲ್ಲ. 1968ರಿಂದ ಅಜ್ಜ, ಅಪ್ಪ, ಮಗ ಅಂತ ಮೂರು ತಲೆಮಾರು ಟಿಕೆಟ್ ಕೊಂಡ ಜನ. 72, 73, 74, 89, ನಾಲ್ಕು ವಿಶ್ವ ಸರಣಿ ಕಪ್ಪು ಈ ಊರಿನ ಹೆಸರಿನಲ್ಲಿವೆ. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು, ಫುಟ್‌ಬಾಲಿನ ರೈಡರ್ಸ್ ವೇಗಸ್ಸಿಗೆ ಹೋಯಿತು, ಉಳಿದಿದ್ದೊಂದು ಇದು. ಕೊನೆಯ ದಿನ 46,889 ಜನ ಬಂದಿದ್ದರು. ಮೈದಾನದ ಮಣ್ಣನ್ನು ಲೋಟದಲ್ಲಿ ತುಂಬಿಸಿಕೊಂಡು ಹೋದರು. ಅವರಿಗೆ ಸಿಕ್ಕಿದ್ದು ಅಷ್ಟೇ.

ಹೋಗಲಿ ಬಿಡಿ. ಈ ತಂಡದ ಲಾಂಛನ ಆನೆ ಯಾಕೆ ಗೊತ್ತಲ್ಲ? 1902ರಲ್ಲಿ, ಇವರಿನ್ನೂ ಫಿಲಡೆಲ್ಫಿಯಾದಲ್ಲಿದ್ದಾಗ, ಎದುರಾಳಿ ತಂಡದ ಜಾನ್ ಮೆಗ್ರಾ ಇದೊಂದು ಬಿಳಿಯಾನೆ, ಸಾಕಿದವನು ಕೆಟ್ಟ ಎಂದು ಹಂಗಿಸಿದ್ದ. ಆಗಿನ ಮ್ಯಾನೇಜರ್ ಕಾನಿ ಮ್ಯಾಕ್ ಅದನ್ನೇ ಹೆಮ್ಮೆಯಿಂದ ಅಂಗಿಯ ಮೇಲೆ ಹಾಕಿಸಿದ. ಫಿಲಡೆಲ್ಫಿಯಾ, ಕಾನ್ಸಸ್ ಸಿಟಿ, ಓಕ್‌ಲ್ಯಾಂಡ್ ಆಗಿ ಆನೆ ಈಗ ನೆವಾಡದ ತೆರಿಗೆದಾರರ ಮನೆಗೆ ಹೊರಟಿದೆ. ಅಲ್ಲಿ ಲಾಯ ಕಟ್ಟುವ ತನಕ, 2025ರಿಂದ ಮೂರು ವರ್ಷ, ಸ್ಯಾಕ್ರಮೆಂಟೊ ಪಕ್ಕದ, ಸುಮಾರು 14,000 ಜನ ಹಿಡಿಸುವ ಕೆಳಹಂತದ (ಮೈನರ್) ಲೀಗಿನ ಮೈದಾನದಲ್ಲಿ ಬಾಡಿಗೆಗೆ. ಅದರ ಯಜಮಾನರು ಮುಂಬೈ ಮೂಲದ ವಿವೇಕ್ ರಣದಿವೆ. ತಂಡಕ್ಕೆ ಊರಿನ ಹೆಸರು ಇರುವುದಿಲ್ಲವಂತೆ. ಸ್ಯಾಕ್ರಮೆಂಟೊ ಅಥ್ಲೆಟಿಕ್ಸ್ ಅಲ್ಲ, ಬರಿಯ ಅಥ್ಲೆಟಿಕ್ಸ್. ಬಾಡಿಗೆದಾರರಿಗೆ ಬಾಗಿಲಿಗೆ ಬೋರ್ಡು ಹಾಕಿಸುವ ಖರ್ಚೂ ಉಳಿಯಿತು.

ಮತ್ತೆ ದುಡ್ಡಿಲ್ಲ ಅಂದುಕೊಂಡಿರೇನು? ಓಕ್‌ಲ್ಯಾಂಡ್ ಬಿಟ್ಟು ಮೂರು ತಿಂಗಳಾಗುವ ಮೊದಲೇ, ಅದೇ 2024ರ ಡಿಸೆಂಬರಿನಲ್ಲಿ, ಲೂಯಿಸ್ ಸೆವೆರಿನೊ ಎಂಬ ಚೆಂಡೆಸೆಯುವ ಆಟಗಾರ, ಅಂದರೆ ಪಿಚರ್‌ಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡರು. ಈ ತಂಡದ ಇತಿಹಾಸದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಒಪ್ಪಂದ ಅದು. ಓಕ್‌ಲ್ಯಾಂಡಿನಲ್ಲಿ ಹುಡುಕಿದರೂ ಸಿಗದ ಪರ್ಸು ಸ್ಯಾಕ್ರಮೆಂಟೊ ದಾರಿಯಲ್ಲಿ ಸೀಟಿನ ಕೆಳಗೆ ಸಿಕ್ಕಿರಬೇಕು.

ಕವಾಲ್ ಹೊರಟಾಗ ಫಿಶರರ ಹಳೆಯ ವ್ಯವಹಾರದ ಜೊತೆಗಾರ ಸ್ಯಾಂಡಿ ಡೀನ್ ತಾತ್ಕಾಲಿಕ ಅಧ್ಯಕ್ಷರಾದರು. ಅಂದರೆ ಆಗ ಖಾಯಂ ಹುದ್ದೆ ಖಾಲಿ ಇತ್ತು. ನಮ್ಮ ಹುಡುಗರು ಯಾರಾದರೂ ಅರ್ಜಿ ಹಾಕಬಹುದಿತ್ತು. ಬೇಸ್‌ಬಾಲ್ ಬರಬೇಕೆಂದೇನಿಲ್ಲ. ಮಾತು ಬರಬೇಕು, ಚರ್ಮ ಕೊಂಚ ದಪ್ಪ ಇರಬೇಕು, ಯಾವ ಊರಿಗೆ ಹೋದರೂ ಇದೇ ನನ್ನ ಹುಟ್ಟೂರು ಎಂದು ಟ್ವೀಟ್ ಹಾಕುವ ಧೈರ್ಯ ಬೇಕು. ಎಚ್1ಬಿ ಕೊಡಿಸುತ್ತಾರೋ ಕೇಳಿ ನೋಡಬಹುದಿತ್ತು. ಮೊದಲ ವೀಸಾ ಮೂರು ವರ್ಷ, ಸ್ಯಾಕ್ರಮೆಂಟೊವೂ ಮೂರು ವರ್ಷ. ಅಷ್ಟರಲ್ಲಿ ವೇಗಸ್ಸಿನವರಿಗೂ ಬಯ್ಯಲು ಒಬ್ಬರು ಬೇಕಾಗಿರುತ್ತಾರೆ.