ಟೇಪು ಮೊದಲೋ, ಗೋಡೆ ಮೊದಲೋ?

ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ 8 ಇಂಚಿಗೆ ನ್ಯೂಜೆರ್ಸಿಯಲ್ಲಿ ದೇಸಿ ಅಂಗಡಿಯೊಂದರ ವಿಸ್ತರಣೆ ಕೆಲಸ ನಿಂತುಹೋಯಿತು. ಹಿಂದಿನ ಗಡಿಯಿಂದ 20 ಅಡಿ ಬಿಡಬೇಕಿತ್ತು. ಪಾಯದ ಹಲಗೆ ಕಟ್ಟಿದ್ದು 19 ಅಡಿ 4 ಇಂಚಿಗೆ. ಇನ್‌ಸ್ಪೆಕ್ಟರು ಜಗಳಕ್ಕೂ ಬರಲಿಲ್ಲ, ‘ನೋಡೋಣ’ ಅಂತಲೂ ಅನ್ನಲಿಲ್ಲ. ಕಾಂಕ್ರೀಟ್ ಸುರಿಯಬೇಡಿ ಎಂದು ಬರೆದಿಟ್ಟು ಹೋದರು. ಕೆಲಸದವರು ಹಲಗೆ ಬಿಚ್ಚಿ, ಕಂಬಿ ಕತ್ತರಿಸಿ, ಒಳಗೆ ಸರಿಸಿ ಕಟ್ಟಿದರು. ಒಂದಿಷ್ಟು ಕೂಲಿ ದಂಡವಾಯಿತು, ಅಷ್ಟೆ.

ಅಮೆರಿಕದ ನಿಯಮ ನಮ್ಮದಕ್ಕಿಂತ ಬಿಗಿ ಎಂದುಕೊಂಡರೆ ತಪ್ಪು. ಅಂಕಿ ನೋಡಿದರೆ ನಮ್ಮದೇ ಬಿಗಿ. ಬೆಂಗಳೂರಿನ 2015ರ ಮಹಾಯೋಜನೆಯ ವಲಯ ನಿಯಮದಲ್ಲಿ ಕಟ್ಟಡ 11.5 ಮೀಟರ್ ದಾಟಿ 15 ಮೀಟರ್‌ವರೆಗೆ ಹೋದರೆ ಸುತ್ತ ನಾಲ್ಕೂ ಕಡೆ 5 ಮೀಟರ್ ಬಿಡಬೇಕು. 18ರವರೆಗೆ 6, 21ರವರೆಗೆ 7. ಇಲ್ಲಿ ಅಮೆರಿಕದ ಎಷ್ಟೋ ವಾಣಿಜ್ಯ ವಲಯಗಳಲ್ಲಿ ಪಕ್ಕದ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗ, ಸೊನ್ನೆ. ಪಕ್ಕದ ಜಾಗ ವಸತಿ ವಲಯವಾದರೆ ಮಾತ್ರ ಅಂತರವೂ ಗಿಡಗಳ ಸಾಲೂ ಬೇಕು. ಸೊನ್ನೆ ಅಂದಮಾತ್ರಕ್ಕೆ ಕಿಟಕಿ ಇಡಬಹುದು ಅಂತಲ್ಲ: ಬೆಂಕಿಯ ಭಯಕ್ಕೆ, ಗಡಿಯಿಂದ 3 ಅಡಿಯೊಳಗಿನ ಗೋಡೆಯಲ್ಲಿ ಕಿಂಡಿ ಬಿಡಲು ಬಿಲ್ಡಿಂಗ್ ಕೋಡ್ ಒಪ್ಪುವುದಿಲ್ಲ.

ವ್ಯತ್ಯಾಸ ಇರುವುದು ಅಳೆಯುವ ಹೊತ್ತಿನಲ್ಲಿ. ಇಲ್ಲಿ ಲೈಸೆನ್ಸ್ ಪಡೆದ ಸರ್ವೇಯರು ಗಡಿಯ ಗೂಟ ಹುಡುಕಿ, ಕಟ್ಟಡದ ಮೂಲೆಗಳನ್ನು ಗುರುತು ಹಾಕಿಕೊಡುತ್ತಾರೆ. ಅಳತೆ ಹಿಡಿಯುವುದು ಆಸ್ತಿಯ ಗೆರೆಯಿಂದ, ಫುಟ್‌ಪಾತಿನ ಅಂಚಿನಿಂದಲ್ಲ. ಹೊಸಬರು ಎಡವುವುದು ಇಲ್ಲೇ: ಫುಟ್‌ಪಾತ್ ಮುಗಿದ ಮೇಲೂ ನಾಲ್ಕಾರು ಅಡಿ ಹುಲ್ಲು ರಸ್ತೆಯ ಪಾಲಿನದೇ ಆಗಿರಬಹುದು. ಎಷ್ಟೋ ಊರುಗಳಲ್ಲಿ ಪಾಯ ಎದ್ದಮೇಲೆ ಇನ್ನೊಂದು ಸರ್ವೆ ಆಗಿ, ಅದು ಕಚೇರಿ ಸೇರಿದ ಮೇಲೆಯೇ ಗೋಡೆ ಏಳಬೇಕು. ಮುಂದೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ಬ್ಯಾಂಕಿನವರು ಮತ್ತೆ ಸರ್ವೆ ಕೇಳುತ್ತಾರೆ. ಒತ್ತುವರಿ ಇದ್ದರೆ ನಕ್ಷೆಯಲ್ಲೇ ಕಾಣುತ್ತದೆ. ಪಕ್ಕದವರು ದೂರು ಕೊಡುವವರೆಗೆ ಕಾಯಬೇಕಾಗಿಲ್ಲ.

ನಮ್ಮಲ್ಲಿ? ಕಟ್ಟುವ ಮೊದಲು ಅಳತೆ ನೋಡಿ ಕೊಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಎಂಬುದು ಕಟ್ಟಡ ಬೈಲಾದಲ್ಲಿ ಇದ್ದೇ ಇದೆ. ಆದರೆ ಟೇಪು ನಿಜವಾಗಿ ಹೊರಬರುವುದು ಕಟ್ಟಡ ಮುಗಿದು ಒಸಿ, ಅಂದರೆ ಬಳಕೆಗೆ ಅನುಮತಿಪತ್ರ, ಕೇಳಲು ಹೋದಾಗ. ಅಷ್ಟರಲ್ಲಿ ಕಾಲಂ ಎದ್ದು, ಮೇಲಿನ ಬಾಲ್ಕನಿಗೆ ಗೋಡೆ ಬಂದು ರೂಮಾಗಿ, ಸೆಟ್‌ಬ್ಯಾಕಿನಲ್ಲಿ ಸಂಪು, ಜನರೇಟರು, ವಾಚ್‌ಮನ್ ರೂಮು, ಹೊರಮೆಟ್ಟಿಲು ಎಲ್ಲ ಕೂತಾಗಿರುತ್ತದೆ. ಕೆಳಗೆ ಕಂಬಗಳ ನಡುವೆ ಕಾರಿಗೆಂದು ಬಿಟ್ಟ ಸ್ಟಿಲ್ಟ್ ಪಾರ್ಕಿಂಗಿಗೆ ಶಟರ್ ಬಿದ್ದು ಮೊಬೈಲ್ ಅಂಗಡಿ ಶುರುವಾಗಿರುತ್ತದೆ. ಬೆಂಗಳೂರಿನ 2003ರ ಬೈಲಾ ಒಪ್ಪಿದ್ದು ನಕ್ಷೆಯಿಂದ 5 ಪರ್ಸೆಂಟ್ ಡೀವಿಯೇಷನ್, ಅಂದರೆ ಆಚೀಚೆ. 5 ಮೀಟರಿನಲ್ಲಿ ಅದು 25 ಸೆಂಟಿಮೀಟರ್. ಒಂದು ಕಾಲಂ ಜರುಗಿದರೆ ಮುಗಿಯಿತು. ಆಗ ಅಧಿಕಾರಿಗೆ ಉಳಿಯುವುದು ಎರಡೇ ದಾರಿ, ಒಡೆಯುವುದು ಇಲ್ಲವೇ ಕಣ್ಣು ಮುಚ್ಚುವುದು. ಯಾವುದು ನಡೆಯುತ್ತದೆ ಅಂತ ಬೇರೆ ಹೇಳಬೇಕೆ? ಇದರ ಮೇಲೆ ಅಕ್ರಮ-ಸಕ್ರಮದ ಆಸೆ. ವಸತಿಗೆ 50, ವಾಣಿಜ್ಯಕ್ಕೆ 25 ಪರ್ಸೆಂಟ್‌ವರೆಗಿನ ಉಲ್ಲಂಘನೆಯನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ ಕಟ್ಟುವವರ ಮನಸ್ಸಿನಲ್ಲಿ ಅದು ಜಾರಿಯಲ್ಲೇ ಇದೆ.

ವಿನಾಯಿತಿ ನ್ಯೂಜೆರ್ಸಿಯಲ್ಲೂ ಸಿಗುತ್ತದೆ, ಆದರೆ ಕಟ್ಟುವ ಮುಂಚೆ ಕೇಳಬೇಕು. ನಕ್ಷೆ ಸಮೇತ ಊರಿನ ಜೋನಿಂಗ್ ಬೋರ್ಡಿಗೆ, ಅಂದರೆ ವಲಯ ನಿಯಮದ ಮಂಡಳಿಗೆ, ಅರ್ಜಿ. 200 ಅಡಿಯೊಳಗಿನ ಎಲ್ಲ ಮಾಲೀಕರಿಗೂ ವಿಚಾರಣೆಗೆ ಕನಿಷ್ಠ 10 ದಿನ ಮೊದಲು ನೋಟಿಸು. ಆಮೇಲೆ ಎಲ್ಲರ ಎದುರು ವಿಚಾರಣೆ. ಜಾಗ ಸೊಟ್ಟಗಿದೆ, ಇಳಿಜಾರಿದೆ ಅಂದರೆ ಕೇಳುತ್ತಾರೆ. ಖರ್ಚು ಜಾಸ್ತಿ ಎಂಬುದೊಂದೇ ಕಾರಣವಾದರೆ ಆಗುವುದಿಲ್ಲ. ತಾನೇ ತಂದುಕೊಂಡ ಕಷ್ಟಕ್ಕಂತೂ ಅಲ್ಲಿ ಬೆಲೆಯಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಇದೇ ಶಿಸ್ತಿನಿಂದ ಅಮೆರಿಕ ಕಟ್ಟಿಕೊಂಡ ಅಂಗಡಿ ಬೀದಿಗಳು ನಡೆಯಲು ಯೋಗ್ಯವಲ್ಲ. ಮುಂದೆ ಬಿಟ್ಟ ಜಾಗವೆಲ್ಲ ಡಾಂಬರಿನ ಪಾರ್ಕಿಂಗ್. ಪಕ್ಕದ ಅಂಗಡಿಗೂ ಕಾರು ತೆಗೆಯಬೇಕು. ಜೋನಿಂಗೇ ಇಲ್ಲದ ಹ್ಯೂಸ್ಟನ್ ಕೂಡ ದೊಡ್ಡ ರಸ್ತೆಗಳ ಪಕ್ಕ 25 ಅಡಿ ಬಿಡಬೇಕೆನ್ನುತ್ತದೆ. ಅಂಗಡಿಗಳು ಒಂದಕ್ಕೊಂದು ಅಂಟಿ ನಿಂತ ಬೆಂಗಳೂರಿನ ಚಿಕ್ಕಪೇಟೆಯಂಥ ಬೀದಿಯನ್ನು ಇಲ್ಲಿ ಹೊಸದಾಗಿ ಕಟ್ಟಹೊರಟರೆ ಬಹುತೇಕ ಊರುಗಳಲ್ಲಿ ಪ್ಲಾನೇ ಪಾಸಾಗದು. ಅದು ಈಗ ಇವರಿಗೂ ಅರ್ಥವಾಗುತ್ತಿದೆ. 2010ರಲ್ಲಿ ಜಾರಿಗೆ ಬಂದ ಮಯಾಮಿ ನಗರದ ವಲಯ ಸಂಹಿತೆಯಂಥವು ‘ಇಷ್ಟು ಹಿಂದೆ ಸರಿ’ ಎನ್ನುವುದರ ಜೊತೆಗೆ ‘ಇದಕ್ಕಿಂತ ಹಿಂದೆ ಸರಿಯಬೇಡ’ ಅಂತಲೂ ಹೇಳುತ್ತವೆ. ಪಾರ್ಕಿಂಗ್ ಹಿಂಬದಿಗೆ, ಬಾಗಿಲು ಬೀದಿಗೆ.

ಆದರೆ ಚಿಕ್ಕಪೇಟೆಯ ಆ ಹಳೆಯ ಕಟ್ಟಡಗಳಿಗೆ ಇದ್ದದ್ದು ಎರಡು, ಮೂರು ಅಂತಸ್ತು. ಅದೇ ಸೊನ್ನೆ ಅಂತರದಲ್ಲಿ ಆರು ಮಹಡಿ ಏರಿಸಿದರೆ, ಬೆಂಕಿ ಬಿದ್ದ ದಿನ ಅಗ್ನಿಶಾಮಕದವರು ಏಣಿ ಆನಿಸಲೂ ಜಾಗ ಇರುವುದಿಲ್ಲ.