ಅಮೀಬೊಗೆ ಪಾಠ ಹೇಳೋದು ನಿಮ್ಮ ಕೆಲಸ, ಲೆವೆಲ್ 9 ಸಿಪಿಯುದಲ್ಲ

ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ (ನಿಂಟೆಂಡೊ ಸ್ವಿಚ್‌ನಲ್ಲಿ ಎದುರಾಳಿಯನ್ನು ಸ್ಟೇಜಿನಾಚೆ ಹೊಡೆದಟ್ಟುವ ಹೊಡೆದಾಟದ ಆಟ) ಆಡುವ ಗೆಳೆಯರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ಅಮೀಬೊ ತಗೊಂಡಿದ್ದೀನಿ, ಯಾವ ಸ್ಟೈಲಲ್ಲಿ ಟ್ರೈನ್ ಮಾಡ್ಲಿ?" ಪ್ರತಿ ಸಲ ಮೆಸೇಜಲ್ಲಿ ಎರಡು ಸಾಲು ಹೇಳಿ ಸುಮ್ಮನಾಗುತ್ತಿದ್ದೆ. ಅಷ್ಟು ಸಾಲದು ಅನ್ನಿಸಿತು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಅಮೀಬೊ ಅಂದರೆ ನಿಂಟೆಂಡೊ 2014ರಿಂದ ಮಾರುತ್ತಿರುವ ಪುಟ್ಟ ಬೊಂಬೆ. ಅದರೊಳಗೆ ಒಂದು ಚಿಪ್ ಇರುತ್ತದೆ. ಬೊಂಬೆಯನ್ನು ಸ್ವಿಚ್‌ನ ಕಂಟ್ರೋಲರ್, ಅಂದರೆ ಬಲಗಡೆ ಜಾಯ್‌ಕಾನ್‌ನ ಸ್ಟಿಕ್ ಮೇಲೆ ಇಟ್ಟರೆ ಆ ಪಾತ್ರ ಲೆವೆಲ್ 1ರ ಫೈಟರ್ ಆಗಿ ಆಟಕ್ಕೆ ಇಳಿಯುತ್ತದೆ. ಅದನ್ನು ಕಂಪ್ಯೂಟರೇ ಆಡಿಸುತ್ತದೆ, ಆದರೆ ಎದುರಾಳಿಯನ್ನು ನೋಡಿ ಕಲಿಯುತ್ತದೆ. ಲೆವೆಲ್ 50ರವರೆಗೆ ಬೆಳೆಯುತ್ತದೆ. ಕಲಿತದ್ದೆಲ್ಲ ಆ ಬೊಂಬೆಯೊಳಗೇ ಸೇವ್ ಆಗುತ್ತದೆ. ಜೇಬಲ್ಲಿ ಹಾಕಿಕೊಂಡು ಗೆಳೆಯರ ಮನೆಗೆ ಹೋಗಿ ಅಲ್ಲಿ ಕಾದಾಡಿಸಬಹುದು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಬಹಳ ಇಷ್ಟವಾಗುವುದು ಇದೇ.

ಹೆಚ್ಚಿನವರು ಹಿಡಿಯುವ ದಾರಿ ಸುಲಭದ್ದು. ಅಮೀಬೊವನ್ನು ಲೆವೆಲ್ 9 ಸಿಪಿಯು (ಆಟದಲ್ಲೇ ಇರುವ, ಕಂಪ್ಯೂಟರ್ ಆಡಿಸುವ ಅತಿ ಗಟ್ಟಿ ಎದುರಾಳಿ) ಜೊತೆ ಬಿಟ್ಟು ತಮ್ಮ ಪಾಡಿಗೆ ಬೇರೆ ಕೆಲಸ ನೋಡುತ್ತಾರೆ. ನಾನೂ ನನ್ನ ಮೊದಲ ಅಮೀಬೊ ಬೌಸರ್‌ಗೆ ಹಾಗೇ ಮಾಡಿದೆ. ಬೇಗನೆ ಲೆವೆಲ್ 50 ಮುಟ್ಟಿತು. ನೋಡಲು ಭಯಂಕರವಾಗಿತ್ತು. ಆಮೇಲೆ ಗೆಳೆಯನೊಬ್ಬ ತನ್ನ ಬೌಸರ್ ತಂದ. ಅವನು ಅದನ್ನು ತಾನೇ ಕೂತು ಬೆಳೆಸಿದ್ದ. ಎರಡಕ್ಕೂ ಅದೇ ಲೆವೆಲ್, ಅದೇ ಬಲ. ಆದರೆ ನನ್ನದು ಕಾರಣವಿಲ್ಲದೆ ಕುಣಿಯುತ್ತಿತ್ತು, ಎದುರಾಳಿ ದೂರದಲ್ಲಿದ್ದಾಗಲೂ ಗಾಳಿಗೆ ಗುದ್ದುತ್ತಿತ್ತು. ಅವನದು ನಿಂತಲ್ಲೇ ನಿಂತು, ಶೀಲ್ಡ್ ಹಿಡಿದು, ನನ್ನದು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಒಂದೇ ಏಟು ಕೊಡುತ್ತಿತ್ತು. ಮೂರು ಸ್ಟಾಕ್ (ಜೀವ) ಹೋದದ್ದು ಗೊತ್ತಾಗಲೇ ಇಲ್ಲ. ಮನೆಗೆ ಬಂದು ಡೇಟಾ ಅಳಿಸಿ ಮತ್ತೆ ಲೆವೆಲ್ 1ರಿಂದ ಶುರು ಮಾಡಿದೆ.

ಲೆವೆಲ್ ಬೇರೆ, ಕಲಿಕೆ ಬೇರೆ. ಲೆವೆಲ್ ಏರಿದರೆ ಏಟಿನ ಬಲ ಏರುತ್ತದೆ, ಚುರುಕು ಬರುತ್ತದೆ. ಯಾವಾಗ ಏನು ಮಾಡಬೇಕು ಅನ್ನುವ ಅಭ್ಯಾಸ ಮಾತ್ರ ಯಾರ ಜೊತೆ ಆಡಿತೋ ಅವರಿಂದ ಬರುತ್ತದೆ. ಸಿಪಿಯು ಎಲ್ಲ ಮೂವ್‌ಗಳನ್ನೂ ಸ್ವಲ್ಪ ಸ್ವಲ್ಪ ಬಳಸುತ್ತದೆ. ಅದರ ಜೊತೆ ಬೆಳೆದದ್ದು ಎಲ್ಲದರಲ್ಲೂ ಅರೆಬರೆ ಆಗುತ್ತದೆ.

ಹಾಗಾದರೆ ಯಾವ ಸ್ಟೈಲ್? ನನ್ನ ಉತ್ತರ ಇಷ್ಟೇ. ಅಮೀಬೊ ಯಾವ ಪಾತ್ರವೋ ನೀವೂ ಅದೇ ಪಾತ್ರ ಹಿಡಿದು ಅದರ ಎದುರು ಆಡಿ. ನೆಲ ಬಿಡಬೇಡಿ. ನಾಲ್ಕೈದು ಮೂವ್‌ಗಿಂತ ಜಾಸ್ತಿ ಬಳಸಬೇಡಿ.

ಇದು ಮಂದ ಆಟ, ಬೋರು ಅಂತ ತುಂಬಾ ಜನ ನನ್ನ ಜೊತೆ ವಾದ ಮಾಡಿದ್ದಾರೆ. ಮನುಷ್ಯರು ಆಡುವಾಗ ಅದು ನಿಜ. ನಾವು ಕಾಂಬೊ ಹಾಕುತ್ತೇವೆ, ಎದುರಾಳಿಗೆ ಆಸೆ ತೋರಿಸಿ ಮೋಸ ಮಾಡುತ್ತೇವೆ, ಅವನ ಅಭ್ಯಾಸ ಓದುತ್ತೇವೆ. ಅಮೀಬೊಗೆ ಇದು ಹತ್ತುವುದಿಲ್ಲ. ನಾನು ಗಮನಿಸಿದ ಹಾಗೆ ಅದು ನೆನಪಿಡುವುದು ನಾವು ಏನು ಮಾಡಿದೆವು, ಎಷ್ಟು ಸಲ ಮಾಡಿದೆವು ಅನ್ನುವುದನ್ನು. ಯಾಕೆ ಮಾಡಿದೆವು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಬೆಂಕಿಯುಂಡೆ ತಪ್ಪಿಸಿಕೊಳ್ಳಲು ಹಾರಿದರೆ ಅದು ಕಲಿಯುವುದು ಬೆಂಕಿಯ ಪಾಠ ಅಲ್ಲ, ಹಾರುವ ಪಾಠ. ಆಮೇಲೆ ಬೆಂಕಿ ಇಲ್ಲದಿದ್ದರೂ ಹಾರುತ್ತದೆ. ಬದಲಿಗೆ ಅದರ ಹತ್ತಿರ ಇರುವುದು ನಮಗಿಲ್ಲದ ಕಣ್ಣು. ಏಟು ಬರುವುದನ್ನು ಕಂಡ ತಕ್ಷಣ ಶೀಲ್ಡ್ ಎತ್ತುತ್ತದೆ. ಈ ಚುರುಕಿಗೆ ಹೊಂದುವುದು ಕಾದು ಹೊಡೆಯುವ ಆಟ.

ಎರಡನೇ ಸಲ ಬೌಸರ್‌ಗೆ ನಾನು ಏನು ಕಲಿಸಿದೆ ಅಂತ ಹೇಳುತ್ತೇನೆ. ಹತ್ತಿರ ಬಂದರೆ ಗ್ರಾಬ್ (ಹಿಡಿಯುವುದು) ಅಥವಾ ಪಕ್ಕದ ಸ್ಪೆಷಲ್ (ಪಾತ್ರದ ವಿಶೇಷ ಮೂವ್). ಅದೂ ಹಿಡಿದು ಎತ್ತಿ ಕುಕ್ಕುವ ಮೂವ್, ಶೀಲ್ಡ್ ಹಿಡಿದವನನ್ನೂ ಬಿಡುವುದಿಲ್ಲ. ಮೇಲಿನಿಂದ ಬಂದರೆ ಮೇಲ್ಮುಖದ ಸ್ಮ್ಯಾಶ್, ಅಂದರೆ ಜೋರು ಏಟು. ಎದುರಾಳಿ ಸ್ಟೇಜಿನ ಅಂಚು ಹಿಡಿದು ನೇತಾಡುತ್ತಿದ್ದರೆ ಒಂದು ಹೆಜ್ಜೆ ಹಿಂದೆ ನಿಂತು, ಅವನು ಏಳುವ ಕ್ಷಣಕ್ಕೆ ಎರಡೂ ಕಾಲು ಜೋಡಿಸಿ ಒದೆಯುವ ಆ ಮುಂದಿನ ಸ್ಮ್ಯಾಶ್. ಈ ಅಂಚಿನ ಪಾಠವೊಂದಕ್ಕೇ ಹದಿನೈದು ಇಪ್ಪತ್ತು ಪಂದ್ಯ ಹೋಯಿತು. ಅದನ್ನು ಆಚೆ ಎಸೆಯುವುದು, ಅಂಚಿಗೆ ಬರುವವರೆಗೆ ಕಾಯುವುದು, ಒಂದು ಹೆಜ್ಜೆ ಹಿಂದೆ, ಒದೆ. ಮತ್ತೆ ಅದೇ. ಹೆಬ್ಬೆರಳು ನೋಯುತ್ತಿತ್ತು.

ಒಂದು ಸಂಜೆ ನನ್ನ ತಮ್ಮ ಅದರ ಎದುರು ಆಡುತ್ತಿದ್ದ. ಅವನು ಅಂಚು ಹಿಡಿದ. ಬೌಸರ್ ಓಡಿ ಬಂದದ್ದು ನಿಂತಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ತಮ್ಮ ಮೇಲೆ ಬಂದ, ಒದೆ ಬಿತ್ತು, ಸ್ಕ್ರೀನಿನಾಚೆ ಹೋದ. ಅವನು ಕಂಟ್ರೋಲರ್ ಕೆಳಗಿಟ್ಟು, "ಅಣ್ಣಾ, ಇದು ನೀನೇ ಕಣೋ" ಅಂದ. ನನಗೆ ಆಗಿದ್ದ ಖುಷಿ ಹೇಳತೀರದು. ನಾನು ಗೆದ್ದ ಯಾವ ಪಂದ್ಯದಲ್ಲೂ ಅಷ್ಟು ಖುಷಿ ಪಟ್ಟಿಲ್ಲ.

ಮಾಡಬಾರದ್ದೂ ಕೆಲವು ಇವೆ. ಟಾಂಟ್ (ಎದುರಾಳಿಯನ್ನು ಕೆಣಕುವ ಭಂಗಿ) ಒತ್ತಬೇಡಿ, ಆ ಚಾಳಿ ಅಂಟಿದರೆ ಪಂದ್ಯದ ನಡುವೆ ನಿಂತು ಏಟು ತಿನ್ನುತ್ತದೆ. ಸ್ಮ್ಯಾಶ್ ಅನ್ನು ಹಿಡಿದಿಟ್ಟು ಚಾರ್ಜ್ ಮಾಡಬೇಡಿ. ಎಲ್ಲಕ್ಕಿಂತ ಮುಖ್ಯ, ಅದರ ಬೆನ್ನಟ್ಟಿ ಸ್ಟೇಜಿನಾಚೆ ಹಾರಬೇಡಿ. ನಮಗೆ ವಾಪಸ್ ಬರುವ ಲೆಕ್ಕ ಗೊತ್ತು. ಅದು ನಮ್ಮನ್ನು ನೋಡಿ ಹಾರುತ್ತದೆ, ಬೀಳುತ್ತದೆ.

ಸ್ಪಿರಿಟ್ (ಆಟದಲ್ಲಿ ಗಳಿಸಿ ಅಮೀಬೊಗೆ ಕೊಡುವ ವಸ್ತು) ತಿನ್ನಿಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲ ಬರುತ್ತದೆ, ನಿಜ. ಮೊದಲು ಆಟ ಕಲಿಸಿ, ಆಮೇಲೆ ನೋಡೋಣ.

ಪಾತ್ರ ಬದಲಾದರೆ ಪಾಠವೂ ಬದಲಾಗಬೇಕು ಅಲ್ವಾ ಅಂತ ಕೇಳುತ್ತೀರಿ. ಹೌದು, ಆದರೆ ನೀವು ಅಂದುಕೊಂಡಷ್ಟು ಅಲ್ಲ. ಮಾರ್ತ್‌ನ ಕತ್ತಿಯ ತುದಿ ತಾಗಿದರೆ ಏಟು ಜೋರು, ಹಾಗಾಗಿ ಅವನ ಜೊತೆ ಒಂದು ಕತ್ತಿಯಷ್ಟು ದೂರ ಇಟ್ಟುಕೊಂಡೇ ಆಡಿ. ಬಾಕ್ಸರ್ ಲಿಟಲ್ ಮ್ಯಾಕ್ ನೆಲದ ಮೇಲೆ ಹುಲಿ, ಗಾಳಿಯಲ್ಲಿ ಏನೂ ಅಲ್ಲ. ಸ್ಟೇಜಿನಾಚೆ ಹೋದರೆ ವಾಪಸ್ ಬರುವುದೇ ಕಷ್ಟ. ಅವನಿಗಂತೂ ಜಿಗಿತವನ್ನೇ ತೋರಿಸಬೇಡಿ.

ಬೇರೆ ಆಟಗಳಲ್ಲೂ ಇಂಥದ್ದು ಇದೆ. 2024ರಲ್ಲಿ ಬಂದ ಟೆಕ್ಕೆನ್ 8ರಲ್ಲಿ ಗೋಸ್ಟ್ ಅಂತ ಇದೆ, ನಮ್ಮ ಆಟವನ್ನು ನೋಡಿ ನಮ್ಮ ಹಾಗೇ ಆಡುತ್ತದೆ. ಚೆನ್ನಾಗಿದೆ, ಆದರೆ ಅದು ಕನ್ನಡಿ. ನನ್ನ ತಪ್ಪುಗಳೂ ಅದರಲ್ಲಿ ಕಾಣುತ್ತವೆ. ಅದಕ್ಕಿಂತ ತುಂಬಾ ಮೊದಲೇ, ಪ್ಲೇಸ್ಟೇಷನ್ 2ರ ವರ್ಚುವಾ ಫೈಟರ್ 4ರಲ್ಲಿ ನಾವೇ ಒಬ್ಬ ಫೈಟರ್‌ನನ್ನು ಬೆಳೆಸಬಹುದಿತ್ತು. ಅವನು ಆಡಿದ ಪಂದ್ಯವನ್ನು ಮತ್ತೆ ನೋಡುತ್ತಾ ಇದು ಸರಿ, ಇದು ತಪ್ಪು ಅಂತ ಹೇಳಬಹುದಿತ್ತು. ಅಮೀಬೊದಲ್ಲಿ ಇದೊಂದು ಇಲ್ಲ ಅನ್ನುವುದು ನನಗೆ ನಿಜವಾದ ಕೊರತೆ. ತಪ್ಪು ಮಾಡಿದಾಗ ಬೇಡ ಅನ್ನಲು ಬಾಯಿಲ್ಲ. ಸರಿಯಾದದ್ದನ್ನೇ ಮತ್ತೆ ಮತ್ತೆ ಆಡಿ ತೋರಿಸಬೇಕು.

ಲೆವೆಲ್ 50 ಆಗಿ, ಆಟ ನಿಮ್ಮ ಮನಸ್ಸಿಗೆ ಬಂದ ಮೇಲೆ ಅಮೀಬೊ ಮೆನುಗೆ ಹೋಗಿ ಕಲಿಕೆಯನ್ನು ಆಫ್ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ಮನೆಗೆ ಬಂದವರ ಜೊತೆ ನಾಲ್ಕು ಪಂದ್ಯ ಆಡಿಸುತ್ತೀರಿ, ಅವರು ಸುಮ್ನೆ ಬಟನ್ ಒತ್ತುತ್ತಾರೆ, ನಿಮ್ಮದು ಅದನ್ನೂ ಕಲಿತು ಕೂರುತ್ತದೆ. ಆಟ ಮುಗಿದ ಮೇಲೆ ಬೊಂಬೆಯನ್ನು ಇನ್ನೊಮ್ಮೆ ಕಂಟ್ರೋಲರ್‌ಗೆ ತಾಗಿಸಿ ಸೇವ್ ಮಾಡುವುದನ್ನೂ ಮರೆಯಬೇಡಿ.

ಈಗ ಲಿಟಲ್ ಮ್ಯಾಕ್ ಬೆಳೆಸುತ್ತಿದ್ದೇನೆ. ಲೆವೆಲ್ 31. ಶೀಲ್ಡ್ ಚೆನ್ನಾಗಿ ಬಂದಿದೆ. ಅಂಚಿನ ಹತ್ತಿರ ಮಾತ್ರ ಇನ್ನೂ ಆಚೆ ಹಾರುತ್ತಾನೆ, ಎಲ್ಲೋ ನಾನೇ ಹಾರಿ ತೋರಿಸಿರಬೇಕು. ಈ ವಾರ ಪೂರ್ತಿ ಸ್ಟೇಜಿನ ನಡುವೆಯೇ ನಿಂತು ಆಡುವುದು ಅಂತ ಇದ್ದೇನೆ. ನಿಮ್ಮ ಹತ್ತಿರ ಕೈಯಾರೆ ಬೆಳೆಸಿದ ಮ್ಯಾಕ್ ಇದ್ದರೆ, ಈ ಹಾರುವ ಚಾಳಿ ಹೇಗೆ ಬಿಡಿಸಿದಿರಿ ಅಂತ ದಯವಿಟ್ಟು ಹೇಳಿ.