ಮ್ಯಾಟ್ ಫ್ರೀ, ಕಾರಿಗೆ ಮಾತ್ರ ದುಡ್ಡು

ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟಿನ ಮಳೆಯ ತುಳು ತಿಂಗಳಲ್ಲಿ, ನಮ್ಮ ಕಾಸರಗೋಡಿನ ಕಡೆ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ಕಾರು ಅಂಗಳಕ್ಕೆ ಬರುವ ಮಾತಂತೂ ಇಲ್ಲವೇ ಇಲ್ಲ. ಇರುವುದು ಎರಡೇ. ಒಂದು, ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಕುಡಿಯುವ ಹಾಲೆಮರದ ಕೆತ್ತೆಯ ಕಷಾಯ. ಇನ್ನೊಂದು, ಕಾರಿನ ಶೋರೂಮಿನವರ ಮಾನ್ಸೂನ್ ಆಫರ್. ಕಷಾಯದ ಕಹಿ ಹೋಗಲಿಕ್ಕೆ ಮೇಲಿಂದ ಮೆಂತೆ ಗಂಜಿಯನ್ನಾದರೂ ಕೊಡುತ್ತಾರೆ.

ಮಲಯಾಳಿಗಳಿಗೆ ಅದೇ ಕರ್ಕಟಕ ಮಾಸ. ಅವರೂ ಆ ತಿಂಗಳು ರಾಮಾಯಣ ಓದುತ್ತಾರೆಯೇ ಹೊರತು ಕಾರು ಕೊಳ್ಳುವುದಿಲ್ಲ. ಕಾಸರಗೋಡಿನಲ್ಲಿ ಎರಡು ಭಾಷೆಯವರು ಜಗಳವಿಲ್ಲದೆ ಒಪ್ಪಿಕೊಂಡ ವಿಷಯಗಳು ಬೆರಳೆಣಿಕೆಯಷ್ಟು. ಆಟಿಯಲ್ಲಿ ಗಾಡಿ ತೆಗೆಯಬಾರದು ಎನ್ನುವುದು ಅವುಗಳಲ್ಲಿ ಒಂದು. ಆದರೆ ಶೋರೂಮಿನ ಹುಡುಗನಿಗೆ ಆ ತಿಂಗಳೂ ಟಾರ್ಗೆಟ್ ಉಂಟು. ಹಾಗಾಗಿ ಅವನು ಜ್ಯೋತಿಷ್ಯ ಕಲಿತಿದ್ದಾನೆ. "ಬುಕಿಂಗ್ ಈಗ ಮಾಡಿ ಸಾರ್, ಡೆಲಿವರಿ ಸೋಣದಲ್ಲಿ ತಕ್ಕೊಳ್ಳಿ. ಆಟಿಯ ದೋಷ ಡೆಲಿವರಿಗೆ ಮಾತ್ರ, ಅಡ್ವಾನ್ಸಿಗೆ ತಾಗುದಿಲ್ಲ." ಯಾವ ಪಂಚಾಂಗದಲ್ಲಿದೆ ಎಂದು ಕೇಳಬೇಡಿ. ಕಂಪೆನಿಯ ಸರ್ಕ್ಯುಲರಿನಲ್ಲಿದೆ.

ಆಟಿ ಕಳೆದರೆ ಓಣಂ ಆಫರ್, ಅದರ ಬೆನ್ನಿಗೇ ಚೌತಿ, ಮತ್ತೆ ಆಯುಧಪೂಜೆ, ದೀಪಾವಳಿ, ವರ್ಷಾಂತ್ಯ, ಮಾರ್ಚಿನ ಕ್ಲಿಯರೆನ್ಸ್, ವಿಷು. ಗಡಿನಾಡಿನ ಕನ್ನಡಿಗನಿಗೆ ಇರುವ ಸರಕಾರ ಒಂದೇ ಆದರೂ ಹಬ್ಬಗಳು ಎರಡು ರಾಜ್ಯದ್ದು. ಇವೆಲ್ಲವೂ "ಕೊನೆಯ ಅವಕಾಶ". ಕೊನೆ ಇಷ್ಟು ಸಲ ಬರುವ ಊರು ಬೇರೆ ಎಲ್ಲೂ ಇರಲಿಕ್ಕಿಲ್ಲ.

ಇಂಥ ಊರಿನಲ್ಲಿ, ಪೆರ್ಲದ ಕಡೆಯ ನಮ್ಮ ಬಾವನಿಗೆ ಕಾರು ತೆಗೆಯುವ ಯೋಚನೆ ಬಂತು. ಬಾವ ಅಡಿಕೆ ಬೆಳೆಗಾರರು. ಒಂದು ಚೀಲ ಅಡಿಕೆಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆಂದಾದರೆ ಬದಿಯಡ್ಕ, ವಿಟ್ಲ, ಪುತ್ತೂರು ಮೂರೂ ಕಡೆ ಫೋನು ಮಾಡಿ, ಮೂರು ಅಂಗಡಿಯವರನ್ನೂ ಬೆವರಿಳಿಸಿ, ಕಡೆಗೆ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೇ ಹಾಕುವ ಜಾತಿ. ಇವರು ಶೋರೂಮಿಗೆ ಹೋದರೆ ಮ್ಯಾನೇಜರಿನ ಗತಿ ಏನಪ್ಪಾ ಎಂದು ನನಗೇ ಪಾಪ ಅನಿಸಿತ್ತು.

ಬಾವನ ಮೊದಲ ಸಿದ್ಧಾಂತ: "ಮಂಗಳೂರಲ್ಲೇ ತೆಗೆಯುವ. ಆಚೆ ಕಮ್ಮಿ."

ಈ 'ಆಚೆ ಕಮ್ಮಿ' ಗಡಿಯಲ್ಲಿ ಹುಟ್ಟಿದವರ ರಕ್ತದಲ್ಲೇ ಇದೆ. ಪೆಟ್ರೋಲು ತಲಪಾಡಿಯಾಚೆ ಕಮ್ಮಿ, ಅದು ಸತ್ಯ. ಕೆಎಲ್ 14ರ ಗಾಡಿಗಳು ಗಡಿ ದಾಟಿ ಮೊದಲು ಸಿಕ್ಕಿದ ಬಂಕಿನಲ್ಲಿ ಸಾಲು ನಿಲ್ಲುವುದನ್ನು ನೋಡಿದರೆ ಸಾಕು. ಒಂದು ಸಲ ಸತ್ಯವಾದದ್ದು ಎಲ್ಲದಕ್ಕೂ ಸತ್ಯ ಎಂದು ನಂಬುವುದು ಸುಲಭ. ಅದೇ ಹೊತ್ತಿಗೆ ಉಳ್ಳಾಲದಲ್ಲಿ ಯಾರೋ ಒಬ್ಬರು "ಕಾಸರಗೋಡಲ್ಲಿ ಓಣಂಗೆ ಒಳ್ಳೆ ರೇಟು ಕೊಡ್ತಾರಂತೆ" ಎಂದು ಈಚೆ ಹೊರಟಿರುತ್ತಾರೆ. ಇಬ್ಬರೂ ತಲಪಾಡಿ ಟೋಲಿನಲ್ಲಿ ಎದುರಾಗುತ್ತಾರೆ. ಖಚಿತ ಲಾಭ ಟೋಲಿನವರಿಗೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಕಾರಿನ ಮೇಲಿನ ಆ ತೆರಿಗೆ ದೇಶಕ್ಕೆಲ್ಲ ಒಂದೇ. ಉಳಿದ ದೊಡ್ಡ ವ್ಯತ್ಯಾಸ ರಸ್ತೆ ತೆರಿಗೆಯದ್ದು. ಅದು ಕಾರು ಎಲ್ಲಿ ಕೊಂಡಿರಿ ಎಂದು ಕೇಳುವುದಿಲ್ಲ, ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಕೇಳುತ್ತದೆ. ಮಂಗಳೂರಿನಲ್ಲಿ ಕೊಂಡು ತಾತ್ಕಾಲಿಕ ನಂಬರಿನಲ್ಲಿ ತಂದರೂ ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲೇ ಕೇರಳದ ತೆರಿಗೆ ಕಟ್ಟಬೇಕು. ಇದನ್ನು ಬಾವನಿಗೆ ವಿವರಿಸಿದೆ. ಅವರು ಒಂದು ಕ್ಷಣ ಯೋಚಿಸಿ, "ದೇರಳಕಟ್ಟೆಯಲ್ಲಿ ತಂಗಿಯ ಮನೆ ಉಂಟಲ್ಲ?" ಎಂದರು.

ಗಡಿಯಾಚೆಯ ಈ ತಂಗಿಯ ಮನೆ ಎನ್ನುವುದು ಗಡಿನಾಡಿನ ಪುದುಚೇರಿ. 2017ರಲ್ಲಿ ಕೇರಳದ ಸಿನಿಮಾ ನಟರ ಕೋಟಿ ಬೆಲೆಯ ಕಾರುಗಳು ತೆರಿಗೆ ಉಳಿಸಲಿಕ್ಕೆ ಪುದುಚೇರಿಯ ವಿಳಾಸದಲ್ಲಿ ನೋಂದಣಿಯಾದದ್ದು ದೊಡ್ಡ ಗಲಾಟೆಯಾಯಿತು. ನಮ್ಮವರು ಪುದುಚೇರಿವರೆಗೆ ಹೋಗುವ ಗಟ್ಟಿಗರಲ್ಲ, ದೇರಳಕಟ್ಟೆವರೆಗೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಮಾಡಿಸಬೇಕು. ಆ ಕಾಯ್ದೆಯ ಎದುರು ಕೆಎ 19ರ ಗಾಡಿಗಳು ನಮ್ಮ ಅಡಿಕೆ ತೋಟಗಳ ನಡುವೆ 'ತಂಗಿ ಮನೆಯಿಂದ ನಿನ್ನೆ ಬಂದದ್ದು' ಎಂಬ ಮುಖ ಮಾಡಿಕೊಂಡು ವರ್ಷಗಟ್ಟಲೆ ನಿಂತಿವೆ. ಇದರಲ್ಲಿ ಇನ್ನೊಂದು ತಮಾಷೆ: ಕರ್ನಾಟಕದ ತೆರಿಗೆ 5 ಲಕ್ಷದೊಳಗಿನ ಕಾರಿಗೇ 13%ರಿಂದ ಶುರುವಾಗಿ, 20 ಲಕ್ಷ ದಾಟಿದರೆ 18% ಆಗಿ, ತೆರಿಗೆಯ ಮೇಲೆ ಸೆಸ್ಸನ್ನೂ ಹೊರಿಸುತ್ತದೆ. ದುಬಾರಿ ಕಾರಿನವರಿಗೆ ಅದರಿಂದ ಉಳಿತಾಯ ಇದ್ದೀತು. ಬಾವ ನೋಡುತ್ತಿದ್ದುದು 8 ಲಕ್ಷದ್ದನ್ನು, ಅದಕ್ಕೆ ಆಚೆಯ ತೆರಿಗೆಯೇ ಹೆಚ್ಚು. ಆದರೆ ಆಚೆ ಕಮ್ಮಿ ಎಂದ ಮೇಲೆ ಲೆಕ್ಕ ಹಾಕುವುದು ನಂಬಿಕೆಗೆ ಅವಮಾನ.

ಶೋರೂಮಿಗೆ ಬರೋಣ. ಹೆಸರು ಬೇಡ, ಗಡಿಯ ಈಚೆಯದ್ದೋ ಆಚೆಯದ್ದೋ ಅದೂ ಬೇಡ, ಎರಡು ಕಡೆಯೂ ಎಸಿ ಅಷ್ಟೇ ತಂಪು. ಬಾಗಿಲಲ್ಲಿ ಹುಡುಗ ನಮ್ಮ ಮುಖ ನೋಡಿ ಭಾಷೆ ಆರಿಸಿದ. ಮೊದಲು "ವರು ಸಾರೇ", ನಾವು ತಲೆಯಾಡಿಸದಿದ್ದಾಗ "ಬಲೆ ಅಣ್ಣೆರೆ", ಬಾವ ಕನ್ನಡದಲ್ಲಿ ಎಂತದೋ ಹೇಳಿದಾಗ "ಓ, ನಮ್ಮವರೇ!" ಈ 'ನಮ್ಮವರೇ' ಕೇಳಿದ ಕೂಡಲೇ ಬಾವನ ಅರ್ಧ ಚೌಕಾಸಿ ಅಲ್ಲೇ ಕರಗಿತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕರ್ನಾಟಕಕ್ಕಾಗಿ ಕಾಯುತ್ತಿರುವವರಿಗೆ ಒಬ್ಬ ಸೇಲ್ಸ್‌ಮ್ಯಾನ್ ಆದರೂ ನಮ್ಮವನೇ ಎಂದನಲ್ಲ!

ಮೂರು ಭಾಷೆಯ ಸ್ವಾಗತದ ನಂತರ ಕೈಗಿಟ್ಟ ಕೊಟೇಶನ್ ಇಂಗ್ಲಿಷಿನಲ್ಲಿತ್ತು. ಈ ಆನ್‌ರೋಡ್ ಬೆಲೆಯ ಹಾಳೆಯನ್ನು ಪ್ರತಿಯೊಬ್ಬರೂ ಒಮ್ಮೆ ಕನ್ನಡಕ ಹಾಕಿ ಓದಬೇಕು. ಮೇಲಿನ ಸಾಲು ಎಕ್ಸ್‌ಶೋರೂಮ್, ರಸ್ತೆ ತೆರಿಗೆ, ವಿಮೆ ಸೇರದ ಬೆಲೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ; ಮೊದಲು 28%, ಮೇಲೆ ಸೆಸ್. ಇಳಿಸಿದ್ದು ಸರಕಾರ. ಆದರೆ ಹುಡುಗ ಆ ಸಾಲಿನ ಮೇಲೆ ಪೆನ್ನು ಇಟ್ಟು, "ಇದ್ರಲ್ಲೇ ನಿಮಗೆ ಒಳ್ಳೆ ಬೆನಿಫಿಟ್ ಕೊಟ್ಟಿದ್ದೇವೆ" ಎಂದ ಧಾಟಿಗೆ, ಅವನ ಅಪ್ಪನೇ ಹಣಕಾಸು ಮಂತ್ರಿ ಎಂದು ನಂಬಬೇಕು.

ಕೆಳಗಿನ ಸಾಲುಗಳಲ್ಲಿ ನಿಜವಾದ ಸಾಹಿತ್ಯ ಇದೆ. ಫಾಸ್ಟ್ಯಾಗ್. 2017ರ ಡಿಸೆಂಬರಿನಿಂದ ಹೊಸ ಕಾರು ಅದನ್ನು ಅಂಟಿಸಿಕೊಂಡೇ ಹೊರಬೀಳಬೇಕೆಂಬ ನಿಯಮ ಉಂಟು. ಹೆಚ್ಚು ಭದ್ರತೆಯ ನಂಬರ್ ಪ್ಲೇಟು. 2019ರ ಏಪ್ರಿಲ್‌ನಿಂದ ಕಂಪೆನಿಯೇ ಕಾರಿನ ಜತೆಗೆ ಕೊಡಬೇಕಾದ್ದು. ಕಾನೂನು ಕೊಡು ಎಂದದ್ದನ್ನು ಕೊಟ್ಟು, ಕೊಟ್ಟದ್ದಕ್ಕೆ ಒಂದು ಸಾಲು ಬರೆದು, ಬರೆದ ಸಾಲನ್ನು 'ನಿಮಗೋಸ್ಕರ' ಹೊಡೆದು ಹಾಕುವುದು. ನಾವು ಥ್ಯಾಂಕ್ಸ್ ಹೇಳುವುದು.

ಮತ್ತೆ ಹ್ಯಾಂಡ್ಲಿಂಗ್ ಚಾರ್ಜು.

"ಇದು ಎಂತಕ್ಕೆ?" ಬಾವ ಕೇಳಿದರು.

"ಗಾಡಿ ಯಾರ್ಡಿಂದ ಶೋರೂಮಿಗೆ ತರ್ಲಿಕ್ಕೆ ಸಾರ್."

"ಯಾರ್ಡ್ ಎಲ್ಲಿ?"

ಹುಡುಗ ಕಿಟಕಿಯಿಂದ ಹಿಂದಿನ ಹಿತ್ತಿಲನ್ನು ತೋರಿಸಿದ. ಬಾವನ ಟ್ರಾಕ್ಟರಿನವನು ಪೆರ್ಲದಿಂದ ಪುತ್ತೂರಿಗೆ ಹೋಗಿ ಬರಲಿಕ್ಕೂ ಅಷ್ಟು ತೆಗೆದುಕೊಳ್ಳುವುದಿಲ್ಲ.

"ಸರಿ, ಈ ಎಸೆನ್ಶಿಯಲ್ ಕಿಟ್?"

"ಅದು ಕಂಪಲ್ಸರಿ ಸಾರ್. ಮ್ಯಾಟು, ಮಡ್ ಫ್ಲ್ಯಾಪು, ಕವರು, ಪರ್ಫ್ಯೂಮು, ಡ್ಯಾಶ್‌ಬೋರ್ಡಿಗೆ ಗಣಪತಿ."

"ಗಣಪತಿಯೂ ಕಂಪಲ್ಸರಿಯಾ?"

"ಬೇಡದಿದ್ರೆ ತೆಗಿಬಹುದು ಸಾರ್. ರೇಟು ಸೇಮ್."

ಇನ್ಶೂರೆನ್ಸಿನ ಸಾಲಿಗೆ ಬಂದಾಗ ಹುಡುಗನ ಸ್ವರ ಗಂಭೀರವಾಯಿತು. ನಮ್ಮಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಡಿಸ್ಕೌಂಟು ಸಿಗುದಿಲ್ಲ, ಕ್ಲೈಮಿಗೆ ಕಷ್ಟ, ಹೀಗೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಎಂದರೆ ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟದ್ದು, ಕಡ್ಡಾಯ. ಅದರ ದರ ಸರಕಾರವೇ ಗೊತ್ತು ಮಾಡಿದ್ದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಕಾರಿಗೆ 6,521 ರೂಪಾಯಿ, 1500 ಸಿಸಿವರೆಗೆ 10,640, ಮೇಲೆ ಜಿಎಸ್‌ಟಿ. ಅದನ್ನೂ, ಅದರಾಚೆಗೆ ನಮ್ಮ ಕಾರಿಗೇ ಆಗುವ ಹಾನಿಯ ಭಾಗವನ್ನೂ ಯಾವ ಕಂಪೆನಿಯಿಂದ ಬೇಕಾದರೂ ತೆಗೆದುಕೊಳ್ಳಬಹುದು. ಶೋರೂಮಿನಲ್ಲೇ ತೆಗೆಯಬೇಕೆಂದು ಯಾವ ಕಾನೂನೂ ಇಲ್ಲ. ನಾನು ಹೊರಗಿನ ಒಂದು ಕೊಟೇಶನನ್ನು ಮೊಬೈಲಿನಲ್ಲಿ ತೋರಿಸಿದೆ. ಹುಡುಗ ಅದನ್ನು ನೋಡಿದ ರೀತಿಗೆ, ನಾನು ಅವನ ಮನೆ ಹುಡುಗಿಗೆ ಪತ್ರ ಬರೆದೆನೋ ಎಂದು ಸಂಶಯ ಬಂತು. ಆದರೆ ಐದೇ ನಿಮಿಷದಲ್ಲಿ ಅವರ ಪ್ರೀಮಿಯಮ್ಮೂ ಅಲ್ಲಿಗೇ ಇಳಿಯಿತು. ಇಡೀ ಹಾಳೆಯಲ್ಲಿ ನಿಜವಾಗಿ ಕಮ್ಮಿಯಾದ ಸಾಲು ಅದೊಂದೇ, ಮತ್ತು ಅದರ ಬಗ್ಗೆ ಯಾರೂ 'ಆಫರ್' ಎಂದು ಬ್ಯಾನರ್ ಕಟ್ಟಿರಲಿಲ್ಲ.

ಸಾಲದ ಟೇಬಲಿನವನ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಫ್ಲಾಟ್ 7% ಮಾತ್ರ ಸಾರ್" ಎಂದ. ಫ್ಲಾಟ್ ಎಂದರೆ ಸಾಲ ತೀರುತ್ತಾ ಬಂದರೂ ಬಡ್ಡಿ ಮೊದಲ ಮೊತ್ತದ ಮೇಲೆಯೇ. ಐದು ವರ್ಷದ ಸಾಲಕ್ಕೆ ಆ ಫ್ಲಾಟ್ 7ನ್ನು ಬ್ಯಾಂಕಿನ ಮಾಮೂಲಿ ಲೆಕ್ಕಕ್ಕೆ ತಂದರೆ ಸುಮಾರು 12.5% ಆಗುತ್ತದೆ. 'ಮಾತ್ರ' ಎಂದದ್ದು ಯಾವುದಕ್ಕೆ ಎಂದು ಇನ್ನೂ ತಿಳಿದಿಲ್ಲ.

ಬಾವ ಕಡೆಗೂ ತಮ್ಮ ಹಳೆಯ ಅಸ್ತ್ರ ತೆಗೆದರು. ಬಾನೆಟ್ ಎತ್ತಿಸಿ ಚಾಸಿಸ್ ನಂಬರು ಓದಿಸಿದರು. ಹದಿನೇಳು ಅಕ್ಷರಗಳ ಆ ಸಂಖ್ಯೆಯಲ್ಲಿ ಹತ್ತನೆಯದು ವರ್ಷ ಹೇಳುತ್ತದೆ: ಆರ್ ಇದ್ದರೆ 2024, ಎಸ್ ಇದ್ದರೆ 2025, ಟಿ ಇದ್ದರೆ 2026. 'ಈಗಷ್ಟೇ ಫ್ಯಾಕ್ಟರಿಯಿಂದ ಬಂದ' ಕಾರಿನಲ್ಲಿ ಹಿಂದಿನ ವರ್ಷದ ಅಕ್ಷರ ನಗುತ್ತಿತ್ತು. ಒಂದು ಮಳೆಗಾಲ ಪೂರ್ತಿ ಆ ಹಿತ್ತಿಲಲ್ಲಿ ನಿಂತ ಗಾಡಿ.

"ಇದು ಹಳೇ ಸ್ಟಾಕು."

"ಸಾರ್, ಕಾರಿಗೆ ಹಳತು ಹೊಸತು ಅಂತ ಉಂಟಾ? ಓಡದ್ದು ಎಲ್ಲ ಹೊಸತೇ."

ಅಡಿಕೆಯಲ್ಲಿ ಹೊಸತಕ್ಕಿಂತ ಹಳತಾದ ಸಿಂಗಲ್ ಚೋಲಿಗೆ, ಅದಕ್ಕಿಂತ ಇನ್ನೂ ಹಳತಾದ ಡಬಲ್ ಚೋಲಿಗೆ ಬೆಲೆ ಹೆಚ್ಚು. ಗೋಣಿಯಲ್ಲಿ ವರ್ಷ ಕಳೆದಷ್ಟೂ ರೇಟು ಏರುತ್ತದೆ. ಶೋರೂಮಿನವರು ಕಾರನ್ನೂ ಡಬಲ್ ಚೋಲ್ ಎಂದೇ ತಿಳಿದಿದ್ದಾರೆ. ಆದರೆ ಬಾವನ ಹಳೇ ಕಾರು ಎಕ್ಸ್‌ಚೇಂಜಿಗೆ ಬಂದ ಕೂಡಲೇ ಅದೇ ಶೋರೂಮಿನ ತಜ್ಞನೊಬ್ಬ ಟಾರ್ಚು ಹಿಡಿದು ಬಂದು, ಸೀಟಿನಡಿ ಇಣುಕಿ, ಎಂಜಿನ್ನಿಗೆ ಕಿವಿಯಿಟ್ಟು, ಕಳಪೆ ಅಡಿಕೆಯಾದ ಪಟೋರದ ರೇಟು ಹೇಳಿದ. ಅಪ್ಪಿತಪ್ಪಿ ಆ ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಒಂದು ಓಡದೆ ಹಳತಾದರೂ ಹೊಸತು, ಇನ್ನೊಂದು ದಿನಾ ಓಡುತ್ತಿದ್ದರೂ ಗುಜರಿ.

ಬಾವ ಬಿಗಿಯಾದರು. ಹಳೇ ಸ್ಟಾಕಿಗೆ ಸರಿಯಾಗಿ ಇಳಿಸಿ, ಹ್ಯಾಂಡ್ಲಿಂಗ್ ತೆಗೆಯಿರಿ, ಕಿಟ್ಟು ಬೇಡ ಎಂದರು. ಹುಡುಗ ಹೇಳಿದ: "ನನ್ನ ಕೈಯಲ್ಲಿ ಇಲ್ಲ ಸಾರ್. ಮ್ಯಾನೇಜರನ್ನ ಕೇಳ್ಬೇಕು."

ಮ್ಯಾನೇಜರು ಗಾಜಿನ ಕೋಣೆಯಲ್ಲಿ ಕಾಣುತ್ತಿದ್ದರು. ಹುಡುಗ ಒಳಗೆ ಹೋಗುವುದು, ಅವರು ತಲೆ ಅಡ್ಡ ಆಡಿಸುವುದು, ಹುಡುಗ ಹೊರಗೆ ಬಂದು "ತುಂಬ ಕಷ್ಟ ಸಾರ್" ಎನ್ನುವುದು, ಮತ್ತೆ ಒಳಗೆ ಹೋಗುವುದು. ಒಂದು ಸಲ ಒಳಗೆ ಇಬ್ಬರೂ ಮೊಬೈಲಿನಲ್ಲಿ ಏನೋ ನೋಡಿ ನಗುತ್ತಿದ್ದುದೂ ಕಂಡಿತು. ಕಾಯುವುದರಲ್ಲಿ ಕಾಸರಗೋಡಿನವರನ್ನು ಸೋಲಿಸುವವರಿಲ್ಲ. ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಅದೂ ಯಾವುದೋ ಗಾಜಿನ ಕೋಣೆಗೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ. ಬಾವ ಆರಾಮವಾಗಿ ಎರಡನೇ ಚಾ ತರಿಸಿಕೊಂಡರು.

ಸಂಜೆಗೆ ಅಂತಿಮ ತೀರ್ಮಾನ ಬಂತು. ಹ್ಯಾಂಡ್ಲಿಂಗ್ ಚಾರ್ಜು ಪೂರ್ತಿ ಮಾಫಿ. ಅದರಷ್ಟೇ ಮೊತ್ತದ 'ಲಾಜಿಸ್ಟಿಕ್ಸ್' ಎಂಬ ಹೊಸ ಸಾಲು. ಕಿಟ್ಟು ರದ್ದು, ಬದಲಿಗೆ ಸಿರಾಮಿಕ್ ಕೋಟಿಂಗ್ ಅರ್ಧ ರೇಟಿಗೆ. ಹಳೇ ಸ್ಟಾಕಿನ ವಿಷಯಕ್ಕೆ ಎಕ್ಸ್‌ಚೇಂಜ್ ಬೋನಸ್. ಆ ಬೋನಸ್ಸಿನಷ್ಟೇ ಹಳೇ ಕಾರಿನ ಬೆಲೆಯಲ್ಲಿ ಕಡಿತ. ಮ್ಯಾಟು ಮಾತ್ರ ಫ್ರೀ. ನಾನು ಕೂಡಿ ಕಳೆದು ನೋಡಿದೆ. ಬೆಳಗ್ಗೆಯ ಮೊತ್ತಕ್ಕೂ ಸಂಜೆಯದಕ್ಕೂ ಇದ್ದ ವ್ಯತ್ಯಾಸ, ನಾವು ಇನ್ಶೂರೆನ್ಸಿನಲ್ಲಿ ಇಳಿಸಿದಷ್ಟೇ. ಬಾವನಿಗೆ ಹೇಳಲಿಲ್ಲ. ಅವರು ಆಗಲೇ ಮನೆಗೆ ಫೋನು ಮಾಡಿ, "ಚರ್ಚೆ ಮಾಡಿ ಮಾಡಿ ಸುಸ್ತು ಮಾಡಿಸಿದೆ, ಕಡೆಗೆ ಕಾಲಿಗೆ ಬಿದ್ದರು" ಎನ್ನುತ್ತಿದ್ದರು.

ಡೆಲಿವರಿಯ ದಿನದ ಮರ್ಯಾದೆಯೇ ಬೇರೆ. ಕೆಂಪು ಬಟ್ಟೆ ಹೊದಿಸಿದ ಕಾರು, ಕೇಕು, ಬಾಗಿಲಿನಷ್ಟು ದೊಡ್ಡ ರಟ್ಟಿನ ಬೀಗದ ಕೈ, ಎಲ್ಲರೂ ಚಪ್ಪಾಳೆ. ಬಾವ ಅತ್ತಿಗೆಯ ಜತೆ ರಟ್ಟಿನ ಕೈ ಹಿಡಿದು ಫೋಟೋಗೆ ನಿಂತರು. ಅಲ್ಲಿಂದ ನೇರ ಮಧೂರಿಗೆ, ಗಣಪತಿಗೆ ವಾಹನ ಪೂಜೆ, ಅಪ್ಪದ ಪ್ರಸಾದ. ಕಿಟ್ಟಿನ ಗಣಪತಿ ಬೇಡವೆಂದದ್ದಕ್ಕೆ ಮಧೂರಿನವನು ಬೇಸರಿಸಿದ ಹಾಗೆ ಕಾಣಲಿಲ್ಲ.

ಮೂರು ದಿನ ಕಳೆದು ಶೋರೂಮಿನ ಹುಡುಗನ ಫೋನು. ದನಿಯಲ್ಲಿ ಇಲ್ಲದ ವಿನಯ. "ಸಾರ್, ಕಂಪೆನಿಯಿಂದ ಫೀಡ್‌ಬ್ಯಾಕ್ ಕಾಲ್ ಬರ್ತದೆ. ದಯವಿಟ್ಟು ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಡಿ ಸಾರ್. ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಹೋಗ್ತದೆ."

ಬಾವ ಸ್ಪೀಕರಿನಲ್ಲಿ ಹಾಕಿದ್ದರು. ಒಂದು ಹೋಳು ಅಡಿಕೆ ಬಾಯಿಗೆ ಹಾಕಿ ನಿಧಾನ ಜಗಿದರು.

"ಹತ್ತೆಲ್ಲ ಆಗ್ಲಿಕ್ಕಿಲ್ಲ ಮಾರಾಯ. ಮಾರ್ಕೆಟ್ ಡೌನ್ ಉಂಟು. ಆರೂವರೆಗೆ ನೋಡುವ."

"ಸಾರ್, ಪ್ಲೀಸ್ ಸಾರ್..."

"ನನ್ನ ಕೈಯಲ್ಲಿ ಇಲ್ಲ. ಮನೆಯವಳನ್ನ ಕೇಳ್ಬೇಕು. ಲೈನಲ್ಲಿರು."

ಎಂದು ಫೋನನ್ನು ಜಗಲಿಯ ಮೇಲಿಟ್ಟು, ತೋಟಕ್ಕೆ ನೀರು ಬಿಡಲು ಹೋದರು.